ಹೊಟ್ಟೆಯದಲ್ಲದ ವಾಂತಿ

1813ರಲ್ಲಿ ಪ್ಯಾರಿಸಿನ ಶರೀರವಿಜ್ಞಾನಿ ಫ್ರಾಂಸ್ವಾ ಮಜೆಂಡಿ ಒಂದು ಕ್ರೂರವಾದ ಪ್ರಯೋಗ ಮಾಡಿದ. ನಾಯಿಯೊಂದರ ಜಠರವನ್ನೇ ತೆಗೆದುಹಾಕಿ, ಆ ಜಾಗಕ್ಕೆ ಹಂದಿಯ ಮೂತ್ರಕೋಶವನ್ನು ಜೋಡಿಸಿ, ಅದರೊಳಗೆ ದ್ರವ ತುಂಬಿದ. ಆಮೇಲೆ ವಾಂತಿ ಬರಿಸುವ ಔಷಧವನ್ನು ನಾಯಿಯ ರಕ್ತನಾಳಕ್ಕೆ ಕೊಟ್ಟ. ನಾಯಿ ಓಕರಿಸಿತು, ಚೀಲದಲ್ಲಿದ್ದದ್ದನ್ನು ಹೊರಗೆ ಕಕ್ಕಿತು. ಹಂದಿಯ ಮೂತ್ರಕೋಶಕ್ಕೆ ನಾಯಿಯ ನರಗಳ ಸಂಪರ್ಕವಿಲ್ಲ, ತಾನಾಗಿ ಹಿಂಡಿಕೊಳ್ಳುವ ಶಕ್ತಿಯೂ ಅಲ್ಲಿ ಉಳಿದಿರಲಿಲ್ಲ. ಹಾಗಿದ್ದರೂ ವಾಂತಿಯಾಯಿತು. ವಾಂತಿಯಲ್ಲಿ ಜಠರ ಕೈಕಟ್ಟಿ ಕೂತಿರುತ್ತದೆ, ಅದನ್ನು ಹಿಂಡುವುದು ವಪೆ ಮತ್ತು ಹೊಟ್ಟೆಯ ಸ್ನಾಯುಗಳು ಎಂದು ಮಜೆಂಡಿ ತೀರ್ಮಾನಿಸಿದ.

ಇನ್ನೂರು ವರ್ಷ ಹಳೆಯದಾದ ಈ ವಿಷಯ ನಮ್ಮ ಮನೆಗಳಿಗೆ ಇನ್ನೂ ಪೂರ್ತಿ ತಲುಪಿಲ್ಲ. ನಡುರಾತ್ರಿ ಎರಡೋ ಮೂರೋ ಗಂಟೆಗೆ ಮಗು ಎದ್ದು ಕೂತು ಹಾಸಿಗೆಯ ಮೇಲೆಯೇ ಕಾರಿಕೊಂಡರೆ, ದೀಪ ಹಾಕಿದ ಕೂಡಲೇ ಬರುವ ಪ್ರಶ್ನೆ ಒಂದೇ: ರಾತ್ರಿ ಏನು ತಿಂದಿತ್ತು? ಮದುವೆಮನೆಯ ಹೋಳಿಗೆ, ಅಂಗಡಿಯ ಗೋಬಿ ಮಂಚೂರಿ, ಮೊಸರು, ಬಾಳೆಹಣ್ಣು, ಯಾವುದಾದರೂ ಒಂದರ ಮೇಲೆ ಅಪವಾದ ಬರುತ್ತದೆ. ಪಿತ್ತ ಕೆರಳಿದೆ ಎನ್ನುತ್ತಾರೆ, ಅಜೀರ್ಣ ಎನ್ನುತ್ತಾರೆ. ಅಜ್ಜಿ ಎದ್ದು ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯುತ್ತಾಳೆ. ಬೆಳಗಾಗುವಷ್ಟರಲ್ಲಿ ಮಗು ಏನೂ ಆಗದ ಹಾಗೆ ದೋಸೆ ಕೇಳುತ್ತದೆ. ಎರಡು ತಿಂಗಳು ಕಳೆದ ಮೇಲೆ, ಹೋಳಿಗೆಯೂ ಇಲ್ಲದ, ಮಂಚೂರಿಯೂ ಇಲ್ಲದ ಒಂದು ರಾತ್ರಿ, ಅದೇ ಹೊತ್ತಿಗೆ ಮತ್ತೆ ವಾಂತಿ.

ಇಂಥ ವಾಂತಿಯನ್ನು ಅರ್ಥಮಾಡಿಕೊಳ್ಳಬೇಕಾದರೆ ತಟ್ಟೆಯಿಂದ ಕಣ್ಣು ತೆಗೆದು ಮಿದುಳಿನ ಕಡೆಗೂ ಗಡಿಯಾರದ ಕಡೆಗೂ ನೋಡಬೇಕು. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಇಷ್ಟನ್ನೇ.

ವಾಂತಿ ಮಿದುಳಿನ ಕೆಲಸ. ಮಿದುಳಿನ ಬುಡದಲ್ಲಿ, ಬೆನ್ನುಹುರಿ ಶುರುವಾಗುವ ಜಾಗಕ್ಕೆ ತುಸು ಮೇಲೆ, ಏರಿಯಾ ಪೋಸ್ಟ್ರೀಮಾ ಎಂಬ ಪುಟ್ಟ ಅಂಗಾಂಶವಿದೆ. ಮಿದುಳಿನ ಹೆಚ್ಚಿನ ಭಾಗಗಳಿಗೆ ರಕ್ತದಲ್ಲಿರುವ ವಿಷವಸ್ತುಗಳು ಸುಲಭವಾಗಿ ಒಳಬಾರದಂತೆ ಒಂದು ತಡೆಗೋಡೆ ಇರುತ್ತದೆ. ಈ ಜಾಗದಲ್ಲಿ ಅದು ಸಡಿಲ. ರಕ್ತದಲ್ಲಿ ಏನು ಹರಿಯುತ್ತಿದೆ ಎಂದು ರುಚಿ ನೋಡುವುದೇ ಅದರ ಕೆಲಸ. ಹರ್ಬರ್ಟ್ ಬೋರಿಸನ್ ಮತ್ತು ಎಸ್. ಸಿ. ವಾಂಗ್ ಎಂಬ ವಿಜ್ಞಾನಿಗಳು 1950ರ ಆಸುಪಾಸಿನಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು. ಇದರ ಪಕ್ಕದಲ್ಲೇ ಇರುವ ನರಕೇಂದ್ರಕ್ಕೆ ಇನ್ನೂ ಹಲವು ದಿಕ್ಕುಗಳಿಂದ ಸುದ್ದಿ ಬರುತ್ತದೆ. ಕರುಳಿನಿಂದ ವೇಗಸ್ ನರದ ಮೂಲಕ ಬರುತ್ತದೆ. ಒಳಕಿವಿಯಿಂದ ಬರುತ್ತದೆ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕುವ ಮಕ್ಕಳೇ ಇದಕ್ಕೆ ಸಾಕ್ಷಿ. ವಾಸನೆ, ಹೆದರಿಕೆ, ನೆನಪು ಇವುಗಳಿಂದಲೂ ಬರುತ್ತದೆ. ತಲೆಬುರುಡೆಯೊಳಗಿನ ಒತ್ತಡ ಏರಿದರೂ ಬರುತ್ತದೆ. ಸುದ್ದಿ ಯಾವ ದಿಕ್ಕಿನದಾದರೂ ಹೊರಡುವ ಆಜ್ಞೆ ಒಂದೇ. ಬಾಯಲ್ಲಿ ನೀರೂರುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಹಣೆ ಬೆವರುತ್ತದೆ. ಸಣ್ಣಕರುಳಿನ ನಡುವಿನಿಂದ ಒಂದು ದೊಡ್ಡ ಅಲೆ ಹಿಮ್ಮುಖವಾಗಿ ಎದ್ದು, ಅಲ್ಲಿದ್ದದ್ದನ್ನು ಜಠರಕ್ಕೆ ವಾಪಸು ತಳ್ಳುತ್ತದೆ. ಜಠರ ಸಡಿಲವಾಗುತ್ತದೆ. ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಮಜೆಂಡಿ ಹೇಳಿದ ಹಾಗೆ ಸ್ನಾಯುಗಳು ಹಿಂಡುತ್ತವೆ.

ಹಾಗಾಗಿ ಹೊರಬಂದದ್ದರಲ್ಲಿ ಅನ್ನದ ಅಗುಳು ಕಂಡಿತು ಎಂದಾಕ್ಷಣ ಅನ್ನವೇ ಕಾರಣ ಎನ್ನಲಾಗದು. ಹೊಟ್ಟೆಯಲ್ಲಿ ಇದ್ದದ್ದು ಹೊರಬಂತು, ಅಷ್ಟೇ.

ಊಟವನ್ನು ಪೂರ್ತಿ ಖುಲಾಸೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾದ ವಿಷ ಸೇರಿದ ಆಹಾರ ತಿಂದರೆ ಒಂದರಿಂದ ಆರು ಗಂಟೆಯೊಳಗೆ ವಾಂತಿ ಹಿಡಿಯುತ್ತದೆ, ಜೊತೆಗೆ ತಿಂದ ಇತರರಿಗೂ ಹಿಡಿಯುತ್ತದೆ. ಆದರೆ ಮಕ್ಕಳಿಗೆ ಹಠಾತ್ತಾಗಿ ಬರುವ ವಾಂತಿಗೆ ಬಹಳ ಸಲ ಕಾರಣ ವೈರಸ್ಸು. ಅಮೆರಿಕದ ಮಕ್ಕಳ ವೈದ್ಯ ಜಾನ್ ಜಹೋರ್ಸ್ಕಿ 1929ರಲ್ಲೇ ಚಳಿಗಾಲದ ವಾಂತಿ ರೋಗವೊಂದನ್ನು ವಿವರಿಸಿದ್ದ. 1968ರಲ್ಲಿ ಒಹಾಯೋ ರಾಜ್ಯದ ನಾರ್‌ವಾಕ್ ಊರಿನ ಶಾಲೆಯೊಂದರಲ್ಲಿ ಹಲವು ಮಕ್ಕಳು ವಾಂತಿ ಮಾಡಿಕೊಂಡಾಗ ಸಂಗ್ರಹಿಸಿದ ಮಾದರಿಗಳಲ್ಲಿ, 1972ರಲ್ಲಿ, ಆಲ್ಬರ್ಟ್ ಕಪೀಕಿಯನ್ ತಂಡಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ವೈರಸ್ ಕಂಡಿತು. ಆ ಊರಿನ ಹೆಸರೇ ನೋರೋವೈರಸ್ ಆಯಿತು. ಇದು ಮೈ ಸೇರಿದ 12ರಿಂದ 48 ಗಂಟೆಗಳ ನಂತರ ವಾಂತಿ ತರುತ್ತದೆ. ಎಂದರೆ ತಪ್ಪಿತಸ್ಥ ನಿನ್ನೆ ರಾತ್ರಿಯ ಊಟವಾಗಿರದೆ, ಮೊನ್ನೆ ಶಾಲೆಯಲ್ಲಿ ಪಕ್ಕದ ಹುಡುಗನ ಕೈಯಾಗಿರಬಹುದು. ವೈರಸ್ಸಿನ ವಾಂತಿಗೆ ಸಾಮಾನ್ಯವಾಗಿ ಬೇಧಿಯೋ ಜ್ವರವೋ ಜೊತೆಯಾಗುತ್ತದೆ, ಮನೆಯ ಇನ್ನೊಬ್ಬರಿಗೆ ಅಂಟುತ್ತದೆ. ಕೆಮ್ಮಿನ ವಾಂತಿಯನ್ನೂ ಇಲ್ಲೇ ಹೇಳಿಬಿಡಬೇಕು. ಉಬ್ಬಸವಿರುವ ಮಗು, ಮೂಗಿನ ಸಿಂಬಳ ಗಂಟಲಿಗೆ ಇಳಿಯುತ್ತಿರುವ ಮಗು, ನಾಯಿಕೆಮ್ಮು ಹಿಡಿದ ಮಗು, ಮಲಗಿದ ಮೇಲೆ ಕೆಮ್ಮಿ ಕೆಮ್ಮಿ ಕೊನೆಗೆ ಕಫದ ಸಮೇತ ಕಾರಿಕೊಳ್ಳುತ್ತದೆ. ಅಲ್ಲಿ ಮದ್ದು ಬೇಕಿರುವುದು ಕೆಮ್ಮಿನ ಕಾರಣಕ್ಕೆ.

ಇವೆಲ್ಲ ಕಳೆದ ಮೇಲೂ ಒಂದಷ್ಟು ಮಕ್ಕಳು ಉಳಿಯುತ್ತಾರೆ. ಜ್ವರವಿಲ್ಲ, ಬೇಧಿಯಿಲ್ಲ, ಕೆಮ್ಮಿಲ್ಲ, ತೂಕ ಚೆನ್ನಾಗಿದೆ, ಆಟಪಾಠ ಸರಿಯಿದೆ. ಆಗೊಮ್ಮೆ ಈಗೊಮ್ಮೆ ರಾತ್ರಿ ವಾಂತಿ.

ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಸ್ಯಾಮ್ಯುಯೆಲ್ ಗೀ 1882ರಲ್ಲಿ ಇಂಥ ಒಂಬತ್ತು ಮಕ್ಕಳ ಬಗ್ಗೆ ಬರೆದ. ಗೋಧಿಯ ಅಂಟಿನಿಂದ ಬರುವ ಸೀಲಿಯಾಕ್ ರೋಗವನ್ನು ಆರು ವರ್ಷಗಳ ನಂತರ ಸ್ಪಷ್ಟವಾಗಿ ವಿವರಿಸಿದವನೂ ಇವನೇ. ಆಗ ಎಕ್ಸ್‌ರೇ ಇರಲಿಲ್ಲ, ರಕ್ತಪರೀಕ್ಷೆ ಎನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಗೀಗೆ ಇದ್ದದ್ದು ತಾಯಂದಿರ ಮಾತು ಮತ್ತು ತನ್ನ ಕಣ್ಣು. ಅವನ ಜಾಣತನ ಎಲ್ಲಿದೆಯೆಂದರೆ, ವಾಂತಿಯಷ್ಟೇ ಗಮನವನ್ನು ಅವನು ವಾಂತಿಯಿಲ್ಲದ ದಿನಗಳಿಗೂ ಕೊಟ್ಟ. ಎರಡು ಸರದಿಗಳ ನಡುವೆ ಮಗು ಪೂರ್ತಿ ಆರೋಗ್ಯವಾಗಿರುತ್ತದೆ ಎಂಬುದೇ ಈ ಕಾಯಿಲೆಯ ಗುರುತು ಎಂದು ಅವನಿಗೆ ಹೊಳೆಯಿತು. ಹೊಟ್ಟೆಯಲ್ಲಿ ಹುಣ್ಣೋ ಅಡಚಣೆಯೋ ಇದ್ದಿದ್ದರೆ ಅದು ಹೀಗೆ ತಿಂಗಳುಗಟ್ಟಲೆ ರಜೆ ಹಾಕುತ್ತಿರಲಿಲ್ಲ.

ಇವತ್ತು ಇದಕ್ಕೆ ಸೈಕ್ಲಿಕ್ ವಾಮಿಟಿಂಗ್ ಸಿಂಡ್ರೋಮ್ ಎಂಬ ಹೆಸರಿದೆ. ಸರದಿ ವಾಂತಿ ಎನ್ನೋಣ. ಪ್ರತಿ ಸರದಿಯೂ ಹಿಂದಿನದರ ಪಡಿಯಚ್ಚು: ಅದೇ ಹೊತ್ತಿಗೆ ಶುರು, ಅದೇ ರೀತಿ ಮುಖ ಬಿಳಿಚುವುದು, ಹೆಚ್ಚುಕಡಿಮೆ ಅಷ್ಟೇ ಗಂಟೆ ಇರುವುದು, ಹಾಗೆಯೇ ಥಟ್ಟನೆ ನಿಲ್ಲುವುದು. ಪೂರ್ಣರೂಪದಲ್ಲಿ ಬಂದಾಗ ಗಂಟೆಗೆ ನಾಲ್ಕಾರು ಸಲ ವಾಂತಿಯಾಗುತ್ತದೆ, ಮಗುವಿಗೆ ಬೆಳಕು, ಮಾತು ಯಾವುದೂ ಬೇಡವಾಗುತ್ತದೆ. ಸ್ಕಾಟ್ಲೆಂಡಿನ ಆಬರ್ಡೀನ್ ನಗರದಲ್ಲಿ ಇಶಾಕ್ ಅಬು-ಅರಾಫೆ ಮತ್ತು ಜಾರ್ಜ್ ರಸೆಲ್ 5ರಿಂದ 15 ವರ್ಷದ ಶಾಲಾಮಕ್ಕಳ ಸಮೀಕ್ಷೆ ಮಾಡಿ 1995ರಲ್ಲಿ ಪ್ರಕಟಿಸಿದರು. ಶೇಕಡಾ 1.9ರಷ್ಟು ಮಕ್ಕಳಲ್ಲಿ ಇದು ಕಂಡಿತು. ಅಪರೂಪದ ಕಾಯಿಲೆ ಎಂದುಕೊಂಡಿದ್ದು ಐವತ್ತು ಮಕ್ಕಳ ತರಗತಿಗೆ ಒಬ್ಬರಂತೆ ಇತ್ತು!

ಇದು ಮೈಗ್ರೇನಿನ ನೆಂಟ. ಈ ಮಕ್ಕಳ ತಾಯಿಗೋ, ತಾಯಿಯ ಕಡೆಯ ಬಂಧುಗಳಿಗೋ ಅರೆತಲೆನೋವು ಇರುವುದು ಎದ್ದು ಕಾಣುವಷ್ಟು ಹೆಚ್ಚು. ಬಸ್ಸು ಹತ್ತಿದರೆ ವಾಂತಿ ಮಾಡುವ ಮಕ್ಕಳೂ ಇವರಲ್ಲಿ ಬಹಳ. ತಲೆನೋವಿನ ಅಂತರರಾಷ್ಟ್ರೀಯ ವರ್ಗೀಕರಣವು ಸರದಿ ವಾಂತಿಯನ್ನು ಮೈಗ್ರೇನಿಗೆ ಸಂಬಂಧಿಸಿದ ಬಾಲ್ಯದ ತೊಂದರೆಗಳ ಪಟ್ಟಿಯಲ್ಲೇ ಇಟ್ಟಿದೆ. ತಾಯಿಯ ಕಡೆ ಎಂಬುದು ವಿಜ್ಞಾನಿಗಳ ಕುತೂಹಲ ಕೆರಳಿಸಿತು. ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಕ್ಕೆ ತನ್ನದೇ ಡಿಎನ್‌ಎ ಇದೆ, ಅದು ತಾಯಿಯಿಂದ ಮಾತ್ರ ಬರುತ್ತದೆ. ಅಮೆರಿಕದಲ್ಲಿ ರಿಚರ್ಡ್ ಬೋಲ್ಸ್ ಮತ್ತು ಸಂಗಡಿಗರು ಈ ಡಿಎನ್‌ಎಯ ಕೆಲವು ಸಣ್ಣ ವ್ಯತ್ಯಾಸಗಳು ಇಂಥ ಮಕ್ಕಳಲ್ಲಿ ಹೆಚ್ಚು ಎಂದು ಕಂಡರು. ಶಕ್ತಿಯ ಬೇಡಿಕೆ ಹಠಾತ್ತನೆ ಏರಿದಾಗ ನರಕೋಶಗಳಿಗೆ ಸಾಕಾಗುವಷ್ಟು ಪೂರೈಕೆಯಾಗದೆ ಸರದಿ ಶುರುವಾಗುತ್ತದೆಯೇ? ಯಾವಾಗ ಸರದಿ ಕೆರಳುತ್ತದೆ ಎಂದು ನೋಡಿದರೆ ಈ ಊಹೆಗೆ ಬಲ ಬರುತ್ತದೆ: ನೆಗಡಿ ಜ್ವರ, ನಿದ್ದೆಗೆಡುವುದು, ಹಸಿವು, ದೂರದ ಪ್ರಯಾಣ. ಇವುಗಳ ಜೊತೆಗೆ ಸಂತೋಷವೂ ಇದೆ. ಹುಟ್ಟುಹಬ್ಬದ ರಾತ್ರಿ, ಜಾತ್ರೆಯಿಂದ ಬಂದ ರಾತ್ರಿ, ಪ್ರವಾಸದ ಹಿಂದಿನ ರಾತ್ರಿ ವಾಂತಿಯಾದರೆ ಮನೆಯವರು ಕೇಕನ್ನೋ ಬೆಂಡು ಬತ್ತಾಸನ್ನೋ ದೂರುತ್ತಾರೆ. ಕಾರಣ ಆ ದಿನದ ಸಂಭ್ರಮವೇ ಆಗಿರಬಹುದು.

ಇನ್ನು ಗಡಿಯಾರ. ಸರದಿ ವಾಂತಿ ಸಾಮಾನ್ಯವಾಗಿ ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವಕ್ಕೆ ಶುರುವಾಗುತ್ತದೆ. ಆ ಹೊತ್ತಿನಲ್ಲಿ ದೇಹ ಎಚ್ಚರಕ್ಕೆ ಸಿದ್ಧವಾಗತೊಡಗಿರುತ್ತದೆ. ಮಿದುಳಿನಿಂದ ಸಿಆರ್‌ಎಫ್ ಎಂಬ ಸಂಕೇತವಸ್ತು ಹೊರಟು, ಅದರ ಹಿಂದೆ ಕಾರ್ಟಿಸಾಲ್ ಹಾರ್ಮೋನು ಏರುತ್ತದೆ. ಪ್ರಾಣಿಗಳ ಮಿದುಳಿಗೆ ಸಿಆರ್‌ಎಫ್ ಕೊಟ್ಟಾಗ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ ಎಂದು ಇವೆಟ್ ಟಾಶೆ ಅವರ ಪ್ರಯೋಗಾಲಯ ತೋರಿಸಿದೆ. ಅದೇ ಹೊತ್ತಿಗೆ ಇನ್ನೊಂದು ಸಂಗತಿಯೂ ನಡೆಯುತ್ತಿರುತ್ತದೆ, ನನಗೆ ಇದು ಹೆಚ್ಚು ಮುಖ್ಯವೆನಿಸುತ್ತದೆ. ಅದು ಉಪವಾಸ.

ಮಕ್ಕಳ ಮಿದುಳು ದೇಹಕ್ಕೆ ಹೋಲಿಸಿದರೆ ಬಹಳ ದೊಡ್ಡದು, ಬಹಳ ಹಸಿವಿನದು. ಕ್ರಿಸ್ಟೋಫರ್ ಕುಜಾವಾ ಮತ್ತು ಸಂಗಡಿಗರು 2014ರಲ್ಲಿ ಲೆಕ್ಕ ಹಾಕಿದಂತೆ, ಐದು ವರ್ಷದ ಆಸುಪಾಸಿನಲ್ಲಿ ಮಗುವಿನ ದೇಹ ದಿನಕ್ಕೆ ಖರ್ಚು ಮಾಡುವ ಶಕ್ತಿಯಲ್ಲಿ ಶೇಕಡಾ 40ಕ್ಕಿಂತ ಹೆಚ್ಚನ್ನು ಮಿದುಳೊಂದೇ ತಿನ್ನುತ್ತದೆ. ದೊಡ್ಡವರ ದೇಹಕ್ಕೆ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 2 ಮಿಲಿಗ್ರಾಂ ಗ್ಲೂಕೋಸ್ ಸಾಕು. ಚಿಕ್ಕ ಮಕ್ಕಳಿಗೆ ಸುಮಾರು 5 ಬೇಕು. 15 ಕಿಲೋ ತೂಕದ ಮಗುವಿಗೆ ಗಂಟೆಗೆ ನಾಲ್ಕೂವರೆ ಗ್ರಾಂ ಆಯಿತು. ಅದರ ನಾಲ್ಕರಷ್ಟು ತೂಕವಿರುವ ಅಪ್ಪನಿಗೆ ಬೇಕಾದದ್ದು ಏಳು ಗ್ರಾಮಿನ ಚಿಲ್ಲರೆ. ರಾತ್ರಿಯೆಲ್ಲ ಈ ಗ್ಲೂಕೋಸನ್ನು ಒದಗಿಸಬೇಕಾದ್ದು ಯಕೃತ್ತಿನ ಗ್ಲೈಕೋಜನ್ ದಾಸ್ತಾನು. ಮಗುವಿನ ಕಣಜ ಚಿಕ್ಕದು, ಉಣ್ಣುವ ಬಾಯಿ ದೊಡ್ಡದು. ಆಟವಾಡಿ ದಣಿದು ಊಟ ಮಾಡದೆ ಸಂಜೆ ಏಳಕ್ಕೇ ನಿದ್ದೆಹೋದ ಮಗುವಿನಲ್ಲಿ ಬೆಳಗಿನ ಜಾವಕ್ಕೆ ಕಣಜ ಬರಿದಾಗುತ್ತದೆ.

ಆಗ ದೇಹ ಕೊಬ್ಬನ್ನು ಕರಗಿಸಿ ಕೀಟೋನ್‌ಗಳನ್ನು ತಯಾರಿಸುತ್ತದೆ. ಮಿದುಳು ಅದನ್ನೂ ಬಳಸಬಲ್ಲದು, ಆ ಮಟ್ಟಿಗೆ ಇದು ಒಳ್ಳೆಯ ಏರ್ಪಾಟು. ಆದರೆ ಕೀಟೋನ್ ಹೆಚ್ಚಾದರೆ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ವಾಂತಿಯಾದ ಮಗು ಏನೂ ತಿನ್ನುವುದಿಲ್ಲ, ಕೀಟೋನ್ ಇನ್ನೂ ಏರುತ್ತದೆ. ಉಸಿರಿನಲ್ಲಿ ಕೊಳೆತ ಹಣ್ಣಿನ, ಉಗುರುಬಣ್ಣ ಅಳಿಸುವ ದ್ರವದ ವಾಸನೆ ಬರುತ್ತದೆ. ಇಟಲಿಯ ತಾಯಂದಿರಿಗೆ ಈ ವಾಸನೆ ಎಷ್ಟು ಪರಿಚಿತವೆಂದರೆ, ಮಗುವಿಗೆ ಅಸಿಟೋನ್ ಬಂದಿದೆ ಎಂದೇ ಹೇಳುತ್ತಾರೆ. ಒಂದೂವರೆಯಿಂದ ಐದು ವರ್ಷದ ಮಕ್ಕಳಲ್ಲಿ, ಅದರಲ್ಲೂ ಬಡಕಲು ಮೈಯವರಲ್ಲಿ, ಹೀಗೆ ಕೀಟೋನ್ ಏರುವುದರ ಜೊತೆಗೆ ಗ್ಲೂಕೋಸ್ ಕೂಡ ಅಪಾಯದ ಮಟ್ಟಕ್ಕೆ ಇಳಿಯುವುದುಂಟು. ಕಾಲ್ ಮತ್ತು ಉಲ್‌ಸ್ಟ್ರಾಮ್ ಎಂಬ ವೈದ್ಯರು 1964ರಲ್ಲಿ ಇದನ್ನು ವಿವರಿಸಿದರು. ಅಂಥ ಮಗು ಬೆಳಿಗ್ಗೆ ಎಬ್ಬಿಸಿದರೆ ಮಂಕಾಗಿರುತ್ತದೆ, ಬೆವರಿರುತ್ತದೆ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಸಕ್ಕರೆ ಒಳಹೋದ ಕೆಲವೇ ನಿಮಿಷಗಳಲ್ಲಿ ಕಣ್ಣು ಬಿಟ್ಟು ಮಾತಾಡುತ್ತದೆ.

ರಾತ್ರಿಯೂಟದ ಬೆಲೆ ಏನೆಂಬುದಕ್ಕೆ ಎರಡು ನೋವಿನ ಉದಾಹರಣೆಗಳಿವೆ. ಜಮೈಕಾ ದ್ವೀಪದಲ್ಲಿ ವಾಂತಿ ರೋಗ ಎಂದೇ ಹೆಸರಾದ ಕಾಯಿಲೆಯೊಂದು ದಶಕಗಳ ಕಾಲ ಬಡ ಮಕ್ಕಳನ್ನು ಕೊಲ್ಲುತ್ತಿತ್ತು. ಚೆನ್ನಾಗಿದ್ದ ಮಗು ಹಠಾತ್ತಾಗಿ ವಾಂತಿ ಮಾಡಿಕೊಂಡು, ಫಿಟ್ಸ್ ಬಂದು, ಪ್ರಜ್ಞೆ ತಪ್ಪುತ್ತಿತ್ತು. ಅಲ್ಲಿನವರ ಮೆಚ್ಚಿನ ಆಕಿ ಹಣ್ಣನ್ನು ಮರದಲ್ಲೇ ಬಿರಿಯುವ ಮೊದಲು ತಿಂದದ್ದು ಇದಕ್ಕೆ ಕಾರಣವಾಗಿತ್ತು. 1950ರ ದಶಕದಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಹ್ಯಾಸಲ್ ಮತ್ತು ರೇಲ್ ಹಣ್ಣಿನಿಂದ ಹೈಪೋಗ್ಲೈಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಕೊಬ್ಬನ್ನು ಉರಿಸಿ ಶಕ್ತಿ ಪಡೆಯುವ ದಾರಿಯನ್ನೇ ಅದು ಮುಚ್ಚಿಬಿಡುತ್ತದೆ. ಹೊಸ ಗ್ಲೂಕೋಸ್ ತಯಾರಿಸುವುದೂ ನಿಲ್ಲುತ್ತದೆ. ಆಕಿ ಮರ ನಮ್ಮ ಅಂಟುವಾಳದ ಕುಟುಂಬದ್ದು. ಲಿಚಿಯೂ ಅದೇ ಕುಟುಂಬ. ಬಿಹಾರದ ಮುಜಫ್ಫರ್‌ಪುರದಲ್ಲಿ ಲಿಚಿ ಕಾಲದಲ್ಲಿ ಪ್ರತಿವರ್ಷ ಮಕ್ಕಳು ಬೆಳಗಿನ ಜಾವ ಫಿಟ್ಸ್ ಬಂದು ಸಾಯುತ್ತಿದ್ದುದಕ್ಕೂ ಇದಕ್ಕೂ ನಂಟಿರಬಹುದೆಂದು ವೆಲ್ಲೂರಿನ ವೈರಾಣುತಜ್ಞ ಟಿ. ಜೇಕಬ್ ಜಾನ್ ಮತ್ತು ಮುಜಫ್ಫರ್‌ಪುರದ ಮಕ್ಕಳ ವೈದ್ಯ ಅರುಣ್ ಶಾ ಬರೆದರು. 2014ರ ಮೇ ಕೊನೆಯಿಂದ ಜುಲೈ ನಡುವಿನವರೆಗೆ ಅಲ್ಲಿನ ಎರಡು ಆಸ್ಪತ್ರೆಗಳಿಗೆ 390 ಮಕ್ಕಳು ದಾಖಲಾದರು, 122 ಮಕ್ಕಳು ತೀರಿಕೊಂಡರು. ಭಾರತ ಮತ್ತು ಅಮೆರಿಕದ ತಜ್ಞರ ಜಂಟಿ ತನಿಖೆ 2017ರಲ್ಲಿ ಪ್ರಕಟವಾಯಿತು. ಲಿಚಿ ತಿಂದದ್ದು, ಅದರ ಜೊತೆಗೆ ರಾತ್ರಿ ಊಟ ಮಾಡದೆ ಮಲಗಿದ್ದು, ಇವೆರಡೂ ಸೇರಿದಾಗ ಅಪಾಯ ಹಲವು ಪಟ್ಟು ಏರುತ್ತಿತ್ತು. ಊಟ ಮಾಡಿ ಮಲಗಿದ ಮಗುವಿನ ಯಕೃತ್ತಿನಲ್ಲಿ ಬೆಳಗಿನವರೆಗೆ ಸಾಕಾಗುವಷ್ಟು ದಾಸ್ತಾನು ಇರುತ್ತಿತ್ತು. ಹೊಟ್ಟೆತುಂಬ ಉಣ್ಣುವ ನಮ್ಮ ಮಕ್ಕಳು ಲಿಚಿಗೆ ಹೆದರಬೇಕಾಗಿಲ್ಲ. ಆದರೆ ಮಗು ನಿದ್ದೆ ಹೋಯಿತು, ಎಬ್ಬಿಸುವುದು ಬೇಡ, ಒಂದು ಹೊತ್ತು ಬಿಟ್ಟರೇನು ಎನ್ನುವಾಗ ಈ ಅಂಕಿಗಳು ನೆನಪಾಗಬೇಕು. ಆಗಾಗ ರಾತ್ರಿ ವಾಂತಿಯಾಗುವ ಮಗುವಿಗಂತೂ ಮಲಗುವ ಮುಂಚೆ ಅನ್ನವೋ ರಾಗಿಗಂಜಿಯೋ ತಪ್ಪಬಾರದು.

ರಾತ್ರಿ ವಾಂತಿಯ ಇನ್ನೊಂದು ಕಾರಣವನ್ನು ವೈದ್ಯರೂ ಬಹಳ ಕಾಲ ಗುರುತಿಸಿರಲಿಲ್ಲ. ಗ್ರೀಸ್ ಮೂಲದ ನರತಜ್ಞ ಕ್ರಿಸೋಸ್ಟಮಸ್ ಪನಾಯಿಯೊಟೊಪೌಲೋಸ್ 1970ರ ದಶಕದಿಂದ ಹಲವು ವರ್ಷ ಬಿಡದೆ ಅಭ್ಯಾಸ ಮಾಡಿ, ಅದೊಂದು ಬಗೆಯ ಫಿಟ್ಸ್ ಎಂದು ತೋರಿಸಿದರು. ಸಾಮಾನ್ಯವಾಗಿ ಮೂರರಿಂದ ಆರು ವರ್ಷದ ಮಗು. ನಿದ್ದೆಯಿಂದ ಎದ್ದು, ಹೊಟ್ಟೆ ತೊಳಸುತ್ತದೆ ಎನ್ನುತ್ತದೆ, ಬಿಳಿಚಿಕೊಂಡು ವಾಂತಿ ಮಾಡುತ್ತದೆ. ಶುರುವಿನಲ್ಲಿ ಕೈಕಾಲು ಸೆಟೆಯುವುದಿಲ್ಲ, ಹಾಗಾಗಿ ಯಾರಿಗೂ ಫಿಟ್ಸ್ ಎನಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣುಗಳು ಒಂದು ಪಕ್ಕಕ್ಕೆ ತಿರುಗಿ ನಿಲ್ಲುತ್ತವೆ, ಕರೆದರೆ ಉತ್ತರವಿಲ್ಲ, ಮೈ ಜೋಲುತ್ತದೆ. ಇದು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಇರಬಹುದು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಚೇತರಿಸಿಕೊಂಡು, ಹೊಟ್ಟೆ ಕೆಟ್ಟಿತ್ತು ಎಂಬ ಚೀಟಿಯೊಂದಿಗೆ ಮನೆಗೆ ಬರುವುದೂ ಉಂಟು, ಮಿದುಳು ಜ್ವರವೆಂದು ತಿಳಿದು ಐಸಿಯುಗೆ ಸೇರುವುದೂ ಉಂಟು. ನಿದ್ದೆಯಲ್ಲಿ ಮಾಡಿದ ಇಇಜಿ ಇದನ್ನು ಬಯಲು ಮಾಡುತ್ತದೆ. ನೋಡಲು ಇಷ್ಟು ಭಯಂಕರವಾದರೂ ಇದು ಸೌಮ್ಯ ಸ್ವಭಾವದ್ದು. ಹಲವು ಮಕ್ಕಳಿಗೆ ಇಡೀ ಬಾಲ್ಯದಲ್ಲಿ ಒಂದೇ ಸಲ ಬರುತ್ತದೆ, ಹೆಚ್ಚಿನವರಿಗೆ ಐದಕ್ಕಿಂತ ಕಡಿಮೆ ಸಲ ಬಂದು ಒಂದೆರಡು ವರ್ಷದಲ್ಲಿ ನಿಂತೇ ಹೋಗುತ್ತದೆ. 2022ರಲ್ಲಿ ಅಂತರರಾಷ್ಟ್ರೀಯ ಅಪಸ್ಮಾರ ಸಂಘಟನೆ ಇದಕ್ಕೆ ಕೊಟ್ಟ ಹೊಸ ಹೆಸರಿನಲ್ಲೇ, ತಾನಾಗಿ ನಿಲ್ಲುವಂಥದ್ದು ಎಂಬ ವಿಶೇಷಣ ಇದೆ.

ಹೆತ್ತವರ ಮನಸ್ಸಿನ ಮೂಲೆಯಲ್ಲಿರುವ ಭಯದ ವಿಷಯಕ್ಕೆ ಬರೋಣ. ಮಿದುಳಿನ ಗೆಡ್ಡೆಯೂ ಬೆಳಗಿನ ಜಾವದ ವಾಂತಿ ತರುತ್ತದೆ, ನಿಜ. ಮಲಗಿದಾಗ ತಲೆಯಿಂದ ರಕ್ತ ಇಳಿಯುವುದು ನಿಧಾನ. ನಿದ್ದೆಯಲ್ಲಿ ಉಸಿರಾಟ ತಗ್ಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಸು ಏರುತ್ತದೆ, ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ಗೆಡ್ಡೆಯಿಂದ ಮೊದಲೇ ಇಕ್ಕಟ್ಟಾಗಿರುವ ತಲೆಬುರುಡೆಯಲ್ಲಿ ಒತ್ತಡ ಮಿತಿಮೀರುತ್ತದೆ. ಆದರೆ ಇದರ ನಡೆ ಬೇರೆ. ಸರದಿ ವಾಂತಿಯಂತೆ ಇದು ರಜೆ ಹಾಕುವುದಿಲ್ಲ. ವಾರದಿಂದ ವಾರಕ್ಕೆ ಹೆಚ್ಚುತ್ತದೆ, ನಿದ್ದೆಯಿಂದ ಎಬ್ಬಿಸುವಂಥ ತಲೆನೋವು ಜೊತೆಗಿರುತ್ತದೆ, ನಡಿಗೆ ಓಲಾಡುತ್ತದೆ, ಕಣ್ಣು ಮೆಳ್ಳೆಯಾಗುತ್ತದೆ, ಮಗು ತಲೆಯನ್ನು ಒಂದು ಕಡೆಗೆ ವಾಲಿಸಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ 2011ರಲ್ಲಿ ಶುರುವಾದ ಹೆಡ್‌ಸ್ಮಾರ್ಟ್ ಎಂಬ ಜನಜಾಗೃತಿ ಇಂಥ ಲಕ್ಷಣಗಳನ್ನು ಹೆತ್ತವರಿಗೂ ವೈದ್ಯರಿಗೂ ತಿಳಿಸಿತು. ಮೊದಲು 14 ವಾರ ಹಿಡಿಯುತ್ತಿದ್ದ ರೋಗಪತ್ತೆ ಕೆಲವೇ ವರ್ಷಗಳಲ್ಲಿ ಸುಮಾರು 7 ವಾರಕ್ಕೆ ಇಳಿಯಿತು.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು ಇನ್ನೂ ಇವೆ. ವಾಂತಿ ಹಸಿರಾಗಿದ್ದರೆ ಕರುಳು ತಿರುಚಿಕೊಂಡಿರಬಹುದು. ಮತ್ತೆ ಮತ್ತೆ ವಾಂತಿ ಮಾಡಿದಾಗ ಕೊನೆಗೆ ಪಿತ್ತ ಬರುವುದುಂಟಾದರೂ ಅದನ್ನು ಮನೆಯಲ್ಲೇ ತೀರ್ಮಾನಿಸಬಾರದು. ಕೆಲವು ವಾರಗಳಿಂದ ಮಗು ಬಹಳ ನೀರು ಕುಡಿಯುತ್ತಿದೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆ, ಸೊರಗಿದೆ, ಈಗ ವಾಂತಿ ಎಂದರೆ ಅದು ಮಕ್ಕಳ ಸಕ್ಕರೆ ಕಾಯಿಲೆ. ಅಲ್ಲಿಯೂ ಉಸಿರಿಗೆ ಅದೇ ಹಣ್ಣಿನ ವಾಸನೆ, ಆದರೆ ಮದ್ದು ಇನ್ಸುಲಿನ್. ಬೆರಳು ಚುಚ್ಚಿ ನೋಡುವ ಒಂದು ಗ್ಲೂಕೋಸ್ ಪರೀಕ್ಷೆ ಉಪವಾಸದ ವಾಂತಿ ಯಾವುದು, ಇದು ಯಾವುದು ಎಂದು ಒಂದು ನಿಮಿಷದಲ್ಲಿ ಹೇಳುತ್ತದೆ. ಕಾರಣ ತಿಳಿಯದ ವಾಂತಿಯೊಂದಿಗೆ ಬಂದ ಪ್ರತಿ ಮಗುವಿಗೂ ಈ ಪರೀಕ್ಷೆ ಆಗಲೇಬೇಕೆಂಬುದು ನನ್ನ ಆಗ್ರಹ.

ಇದ್ಯಾವುದೂ ಇಲ್ಲದ, ವರ್ಷಕ್ಕೆ ಕೆಲವು ರಾತ್ರಿ ಮಾತ್ರ ಕಾರಿಕೊಂಡು ಬೆಳಿಗ್ಗೆ ನಗುವ ಮಗುವಿಗೆ ಸ್ಕ್ಯಾನುಗಳ ಮೆರವಣಿಗೆ ಬೇಡ. ಆ ರಾತ್ರಿ ಮಾಡಬೇಕಾದ್ದೂ ಸ್ವಲ್ಪವೇ. ಮಗುವನ್ನು ಪಕ್ಕಕ್ಕೆ ಮಲಗಿಸಿ, ಬಾಯಿ ತೊಳೆಸಿ, ಹತ್ತು ನಿಮಿಷ ಬಿಟ್ಟು ಓಆರ್‌ಎಸ್ ದ್ರಾವಣವನ್ನು ಚಮಚ ಚಮಚವಾಗಿ ಕೊಡುತ್ತ ಬರಬೇಕು. ಲೋಟಗಟ್ಟಲೆ ಕುಡಿಸಿದರೆ ಎಲ್ಲ ವಾಪಸು ಬರುತ್ತದೆ. ಅದರಲ್ಲಿರುವ ಗ್ಲೂಕೋಸ್ ಕೀಟೋನನ್ನೂ ತಗ್ಗಿಸುತ್ತದೆ, ಹಾಗಾಗಿ ಬರೀ ನೀರಿಗಿಂತ ಅದು ಮೇಲು. ಕೋಣೆ ಕತ್ತಲಾಗಿ, ಸದ್ದಿಲ್ಲದೆ ಇರಲಿ. ಸರದಿ ವಾಂತಿಯನ್ನು ನಿದ್ದೆಯಷ್ಟು ಚೆನ್ನಾಗಿ ನಿಲ್ಲಿಸುವ ಮದ್ದು ಕಡಿಮೆ. ಒಂಡಾನ್‌ಸೆಟ್ರಾನ್ ಸಿರಪ್ಪು ಕರುಳಿನಿಂದ ಮಿದುಳಿಗೆ ಹೋಗುವ ಸಿರೊಟೋನಿನ್ ಸುದ್ದಿಯನ್ನು ತಡೆಯುತ್ತದೆ, ವೈದ್ಯರು ಹೇಳಿದ ಅಳತೆಯಲ್ಲಿ ಕೊಡಬಹುದು. ಸರದಿಗಳು ಪದೇಪದೇ ಬಂದು ಶಾಲೆ ತಪ್ಪುತ್ತಿದ್ದರೆ ಮೈಗ್ರೇನ್ ತಡೆಯುವ ಔಷಧಗಳನ್ನೇ ಕೆಲವು ತಿಂಗಳು ಕೊಡುತ್ತಾರೆ.

ಒಂದು ಪುಸ್ತಕದಲ್ಲಿ ತಾರೀಕು, ಗಂಟೆ, ಹಿಂದಿನ ದಿನ ಊಟ ಮಾಡಿತ್ತೇ, ನಿದ್ದೆ ಎಷ್ಟು, ಪ್ರಯಾಣವೋ ಹಬ್ಬವೋ ಜ್ವರವೋ ಇತ್ತೇ, ಎಷ್ಟು ಹೊತ್ತಿಗೆ ನಿಂತಿತು ಎಂದು ಬರೆದಿಡಬೇಕು. ಮಗುವಿನ ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಫೋನಿನಲ್ಲಿ ಒಂದು ನಿಮಿಷದ ವಿಡಿಯೋ ತೆಗೆಯಲಿ. ಕಣ್ಣು ತಿರುಗಿತ್ತೋ ಇಲ್ಲವೋ ಎಂಬುದು ಅದರಲ್ಲಿ ಸ್ಪಷ್ಟವಾಗುತ್ತದೆ. ಆ ಪುಸ್ತಕವನ್ನು ಮಗು ದೊಡ್ಡದಾದ ಮೇಲೂ ಎಸೆಯಬಾರದು. ಹೆಚ್ಚಿನ ಮಕ್ಕಳಲ್ಲಿ ಹರೆಯದ ಹೊತ್ತಿಗೆ ಸರದಿ ವಾಂತಿ ನಿಲ್ಲುತ್ತದೆ, ಅವರಲ್ಲಿ ಹಲವರಿಗೆ ಆ ಜಾಗದಲ್ಲಿ ತಲೆನೋವು ಶುರುವಾಗುತ್ತದೆ. ಹೈಸ್ಕೂಲಿನ ಹುಡುಗಿ ತಲೆ ಹಿಡಿದುಕೊಂಡು ವೈದ್ಯರ ಮುಂದೆ ಕೂತಾಗ, ಐದನೆಯ ವಯಸ್ಸಿನಲ್ಲಿ ಇವಳಿಗೆ ರಾತ್ರಿ ವಾಂತಿಯಾಗುತ್ತಿತ್ತು ಎಂದು ತಾಯಿ ಹೇಳಿದರೆ ಮೈಗ್ರೇನ್ ಗುರುತಿಸುವ ಕೆಲಸ ಅರ್ಧ ಮುಗಿದಂತೆ.